ಬೆಂಗಳೂರೋ, ಹಾಸನವೋ, ಮೊಸಳೆಹೊಸಹಳ್ಳಿಯೋ? ಮಗಳ ಕಾಲೇಜಿನ ವಿಚಾರ, ತಿಳಿದವರು ಹೇಳಿ

ಅರೇಹಳ್ಳಿ ತೋಟ
(ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಬೇಲೂರು ತಾಲ್ಲೂಕು ಅರೇಹಳ್ಳಿ ಕಡೆಯವನು. 4 ಎಕರೆ ರೊಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು, ಅಷ್ಟೇ ನಮ್ಮ ಬದುಕು. ಮಗಳು ಒಂದರಿಂದ ಹತ್ತರವರೆಗೆ ಇಲ್ಲಿಯ ಕನ್ನಡ ಶಾಲೆಯಲ್ಲೇ ಓದಿದಳು. ಪಿಯುಸಿಗೆ ಹಾಸನದಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದಳು. ಈಗ ಸಿಇಟಿ ರ‍್ಯಾಂಕ್ ಬಂದಿದೆ. ಗ್ರಾಮೀಣ ಕೋಟಾಕ್ಕೂ ಕನ್ನಡ ಮಾಧ್ಯಮದ ಕೋಟಾಕ್ಕೂ ಶಾಲೆಯಿಂದ ಪ್ರಮಾಣಪತ್ರ ಮಾಡಿಸಿಟ್ಟಿದ್ದೇವೆ. ಆಪ್ಷನ್ ಎಂಟ್ರಿಗೆ, ಅಂದರೆ ಯಾವ ಕಾಲೇಜು ಮೊದಲು ಬೇಕು, ಯಾವುದು ಆಮೇಲೆ ಅಂತ ಪಟ್ಟಿ ಕೊಡುವುದಕ್ಕೆ, ಬರುವ ಸೋಮವಾರದವರೆಗೆ ಟೈಮ್ ಇದೆ.

ಅವಳ ರ‍್ಯಾಂಕಿಗೆ ನಾಲ್ಕು ಕಡೆ ಸಿಗಬಹುದು ಅಂತ ಲೆಕ್ಕ ಹಾಕಿದ್ದೇವೆ. ಬೆಂಗಳೂರಿನ ನಡುಮಧ್ಯೆ ಇರುವ ಹಳೇ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್. ಬೆಂಗಳೂರು ಮುಗಿದ ಮೇಲೆ ಬರುವ ಹೊಸ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್. ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್. ಮೊಸಳೆಹೊಸಹಳ್ಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್.

ಯಾವ ಕಾಲೇಜು ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಕೇಳುತ್ತಿರುವುದು ಬೇರೆ. ಹದಿನೆಂಟು ವರ್ಷದ ಹುಡುಗಿ ನಾಲ್ಕು ವರ್ಷ ಇರಬೇಕಾದ ಜಾಗ ಎಂಥದ್ದಿರಬೇಕು? ಪೇಟೆ ನಡುವೆಯೋ, ಪೇಟೆ ಅಂಚಿನಲ್ಲೋ, ಹಳ್ಳಿಯಲ್ಲೋ? ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕಾಲೇಜು ಮೆಟ್ಟಿಲು ಹತ್ತಿದವರು ಇದ್ದದ್ದು ಇದ್ದ ಹಾಗೆ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.


ಸಾಲಗಾಮೆ ರಸ್ತೆ 2009
(ಸೋಮವಾರ ರಾತ್ರಿ)

ಅಣ್ಣ, ನಾನು ಮಲ್ನಾಡ್ ಕಾಲೇಜಿನವನೇ, 2009ರಲ್ಲಿ ಓದು ಮುಗಿಸಿದೆ. ಆಮೇಲೆ ಬೆಂಗಳೂರು ಸೇರಿದವನು ಇಲ್ಲೇ ಇದ್ದೇನೆ. ಈಗ ಕಂಪನಿಯಲ್ಲಿ ಹೊಸ ಹುಡುಗರನ್ನು ಸಂದರ್ಶನ ಮಾಡುವವರಲ್ಲಿ ನಾನೂ ಒಬ್ಬ. ಯಾವ ಊರಲ್ಲಿ ಓದಿದೆ ಅಂತ ನಾನು ಯಾರನ್ನೂ ಕೇಳಿಲ್ಲ. ಏನು ಮಾಡಿದ್ದೀಯ, ತೋರಿಸು ಅಂತ ಕೇಳುತ್ತೇನೆ. ಪ್ರಾಜೆಕ್ಟ್ ತಾನೇ ಮಾಡಿದ್ದರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ, ದುಡ್ಡು ಕೊಟ್ಟು ಮಾಡಿಸಿದ್ದರೂ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಹಾಸನದ ಕಾಲೇಜು 1960ರದ್ದು. ಸ್ವಾಯತ್ತ ಕಾಲೇಜು, ಅಂದರೆ ಪಠ್ಯಕ್ರಮ ಮತ್ತು ಪರೀಕ್ಷೆ ಅವರದ್ದೇ, ಪದವಿ ಮಾತ್ರ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೊಡುವುದು. ಸ್ವಾಯತ್ತತೆ ಇಲ್ಲದ ಕಾಲೇಜುಗಳಲ್ಲಿ ಎಲ್ಲ ಕಡೆ ವಿಟಿಯು ಪಠ್ಯವೇ, ಒಂದೇ ಪ್ರಶ್ನೆಪತ್ರಿಕೆ. ಹಾಗಾಗಿ ಬೆಂಗಳೂರಿನ ಹೊರಗಿನ ಆ ಹೊಸ ಕಾಲೇಜು ಸ್ವಾಯತ್ತ ಅಲ್ಲದಿದ್ದರೆ ಅಲ್ಲಿ ಓದುವುದೂ ಮೊಸಳೆಹೊಸಹಳ್ಳಿಯಲ್ಲಿ ಓದುವುದೂ ಕಾಗದದ ಮೇಲೆ ಒಂದೇ. ಇದನ್ನು ಮೊದಲು ವಿಚಾರಿಸಿಕೊಳ್ಳಿ.

ಇನ್ನೊಂದು. ಈಗಿನ ಕ್ರಮದಲ್ಲಿ ಕೊನೆಯ ವರ್ಷ ಒಂದು ಸೆಮಿಸ್ಟರ್ ಹೆಚ್ಚುಕಡಿಮೆ ಪೂರ್ತಿ ಇಂಟರ್ನ್‌ಶಿಪ್‌ಗೇ ಹೋಗುತ್ತದೆ. ಬೆಂಗಳೂರಿನ ಅನುಭವ ಬೇಕು ಅಂದರೆ ಆಗ ಬರಲಿ. ಶ್ರವಣಬೆಳಗೊಳದ ಮೇಲೆ ರೈಲು ಬಂದು 2017ಕ್ಕೇ ಆಯಿತು, ಬಸ್ಸಿನಲ್ಲಾದರೂ 185 ಕಿಲೋಮೀಟರ್ ಚಿಲ್ಲರೆ. ಆ ಕೆಲವು ತಿಂಗಳಿಗಾಗಿ ನಾಲ್ಕು ವರ್ಷದ ಬಾಡಿಗೆ ಕಟ್ಟಬೇಕಾಗಿಲ್ಲ.


ಕೈಮರ ಕ್ರಾಸ್
(ಮಂಗಳವಾರ ಬೆಳಿಗ್ಗೆ)

ಬೆಂಗಳೂರಿಗೇ ಕಳಿಸಿ ಸರ್. ಹೆಣ್ಣುಮಗು ಅಂತ ಹತ್ತಿರ ಇಟ್ಟುಕೊಂಡರೆ ಜೀವನ ಪೂರ್ತಿ ಹತ್ತಿರವೇ ಉಳಿಯುತ್ತಾಳೆ. ನನ್ನ ತಂಗಿಗೆ ಹಾಗಾಯಿತು.


ಮೂಡಿಗೆರೆ ಹುಡುಗಿ
(ಮಂಗಳವಾರ ಮಧ್ಯಾಹ್ನ)

ಅಂಕಲ್, ನಾನು ಬೆಂಗಳೂರಿನ ನಡುಮಧ್ಯೆಯೇ ಓದುತ್ತಿದ್ದೇನೆ, ಈಗ ಮೂರನೇ ವರ್ಷ. ನನ್ನ ಅಪ್ಪ ಅಮ್ಮನಿಗೂ ಕಾಫಿ ತೋಟವೇ. ಹಾಗಾಗಿ ನಿಮ್ಮ ಮಗಳಿಗೆ ಏನಾಗಬಹುದು ಅನ್ನುವುದು ನನಗೆ ಸ್ವಲ್ಪ ಗೊತ್ತು.

ಮೊದಲ ಸೆಮಿಸ್ಟರ್ ನಾನು ಅತ್ತಿದ್ದೇ ಹೆಚ್ಚು. ಪಿಜಿಯಲ್ಲಿ, ಅಂದರೆ ಬಾಡಿಗೆ ವಸತಿಯಲ್ಲಿ, ಒಂದು ಕೋಣೆಗೆ ಮೂವರು, ಊಟ ಸೇರಿ ತಿಂಗಳಿಗೆ 9,000. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಮಳೆ ಬಂದರೂ ಸದ್ದು ಕೇಳುವುದಿಲ್ಲ. ಮೂಡಿಗೆರೆಯ ಮಳೆ ಕೇಳಿ ಬೆಳೆದವರಿಗೆ ಅದು ಎಂಥ ಕಷ್ಟ ಅಂತ ಬೇರೆಯವರಿಗೆ ತಿಳಿಯದು. ತರಗತಿಯಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಸುಮ್ಮನೆ ಕೂರುತ್ತಿದ್ದೆ.

ಆದರೆ ಎರಡನೇ ವರ್ಷದ ಹೊತ್ತಿಗೆ ಎಲ್ಲ ಬದಲಾಯಿತು. ಬದಲಾಗಿದ್ದು ಬೆಂಗಳೂರಿನಿಂದ ಅಂತ ಹೇಳಲಾರೆ, ನಾನು ಪಿಜಿ ಬಿಟ್ಟು ಕಾಲೇಜಿನ ಹಾಸ್ಟೆಲಿಗೆ ಬಂದಿದ್ದರಿಂದ. ಪಿಜಿಯಿಂದ ಬಸ್ಸಿಗೆ ಹೋಗಿಬರುವುದಕ್ಕೇ ದಿನಕ್ಕೆ ಎರಡೂವರೆ ಗಂಟೆ ಹೋಗುತ್ತಿತ್ತು. ಈಗ ತರಗತಿ ಬಿಟ್ಟ ಮೇಲೆ ಲ್ಯಾಬಿನಲ್ಲಿ ಕೂರುತ್ತೇನೆ, ಲೈಬ್ರರಿಗೆ ಹೋಗುತ್ತೇನೆ, ಸೀನಿಯರ್‌ಗಳ ಜೊತೆ ಜಗಳ ಆಡಿ ಸರ್ಕ್ಯೂಟ್ ಕಲಿಯುತ್ತೇನೆ. ಶನಿವಾರ ಮೆಟ್ರೊ ಹತ್ತಿದರೆ ಊರಿನ ಇನ್ನೊಂದು ತುದಿಯಲ್ಲಿ ಯಾರೋ ಉಪನ್ಯಾಸ ಕೊಡುತ್ತಿರುತ್ತಾರೆ, ಯಾರೂ ಕಾಸು ಕೇಳುವುದಿಲ್ಲ, ಹೋಗಿ ಕೂತರಾಯಿತು. 1917ರಲ್ಲಿ ವಿಶ್ವೇಶ್ವರಯ್ಯನವರು ಕೆ.ಆರ್. ವೃತ್ತದಲ್ಲಿ ಶುರು ಮಾಡಿಸಿದ ಎಂಜಿನಿಯರಿಂಗ್ ಕಾಲೇಜು ಯುವಿಸಿಇಗೆ ಹೋದ ವರ್ಷ ಒಂದು ಸ್ಪರ್ಧೆಗೆ ಅಂತ ಹೋಗಿದ್ದೆ. ಆ ಕಲ್ಲಿನ ಕಟ್ಟಡದ ಮುಂದೆ ನಿಂತಾಗ ಇಂಥ ಊರಿಗೆ ಬಂದೆನಲ್ಲ ಅಂತ ಮೊದಲ ಸಲ ಖುಷಿಯಾಯಿತು.

ಆದ್ದರಿಂದ ನನ್ನ ಮಾತು ಇಷ್ಟು: ಬೆಂಗಳೂರಿಗೆ ಕಳಿಸುವುದಾದರೆ ಕಾಲೇಜಿನ ಹಾಸ್ಟೆಲ್ ಸಿಗುತ್ತದಾ ಅಂತ ಮೊದಲು ಕೇಳಿ. ಸಿಗದಿದ್ದರೆ ನಡೆದು ಹೋಗುವಷ್ಟು ಹತ್ತಿರ ಪಿಜಿ ಹುಡುಕಿ, ಒಂದು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ.


ಸಕಲೇಶಪುರದ ಅಮ್ಮ
(ಮಂಗಳವಾರ ರಾತ್ರಿ)

ನಾನು ಇಂಥ ಕಡೆ ಬರೆಯುವವಳಲ್ಲ. ನಿಮ್ಮ ನಾಲ್ಕರಲ್ಲಿ ಎರಡನೆಯದು ನೋಡಿ ಬರೆಯಲೇಬೇಕು ಅನ್ನಿಸಿತು.

ನನ್ನ ಮಗನನ್ನು ಅಂಥದ್ದೇ ಒಂದು ಕಾಲೇಜಿಗೆ ಸೇರಿಸಿದ್ದೆವು. ಹೆಸರು ಬೇಡ. ನೋಡಲು ಹೋದ ದಿನ ನಮಗೆ ಬಹಳ ಹಿಡಿಸಿತು. ದೊಡ್ಡ ಗೇಟು, ಹುಲ್ಲುಹಾಸು, ಗಾಜಿನ ಕಟ್ಟಡ. ಬೆಂಗಳೂರೂ ಆಯಿತು, ಬೆಂಗಳೂರಿನ ಗದ್ದಲವೂ ಇಲ್ಲ, ನಮ್ಮ ಮಲೆನಾಡಿನ ಹುಡುಗನಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ನಾನೇ ಹಟ ಹಿಡಿದು ಸೇರಿಸಿದೆ.

ನಾವು ನೋಡಿದ್ದು ಬೆಳಿಗ್ಗೆ 11 ಗಂಟೆಯ ಕಾಲೇಜು. ಸಂಜೆ ನಾಲ್ಕೂವರೆಗೆ ಕಾಲೇಜು ಬಸ್ಸುಗಳು ಹೊರಟುಬಿಟ್ಟರೆ ಅಲ್ಲಿ ಏನೂ ಇಲ್ಲ. ಮೇಷ್ಟ್ರುಗಳೂ ಅದೇ ಬಸ್ಸಿನಲ್ಲಿ ಊರಿಗೆ ಹೋಗುತ್ತಾರೆ. ಲೈಬ್ರರಿ ಐದಕ್ಕೆ ಬಾಗಿಲು. ಸುತ್ತ ಸೈಟ್ ಮಾಡಿ ಬಿಟ್ಟ ಬಯಲು, ಒಂದು ಟೀ ಅಂಗಡಿ, ಹೆದ್ದಾರಿ. ಹಳ್ಳಿ ಅಂದುಕೊಳ್ಳೋಣ ಅಂದರೆ ಹಳ್ಳಿಯೂ ಅಲ್ಲ, ಹಳ್ಳಿಯಲ್ಲಾದರೆ ಯಾರ ಮನೆ ಹುಡುಗ ಅಂತ ಕೇಳುವವರು ಒಬ್ಬರಾದರೂ ಇರುತ್ತಾರೆ. ಸಿಟಿ ಬಸ್ಸು ಒಂದು ಗಂಟೆಗೊಂದು. ಮೆಜೆಸ್ಟಿಕ್‌ಗೆ ಹೋಗಿಬರಲು ಅರ್ಧ ದಿನ ಬೇಕು. ಮಗ ಕೋಣೆಯಲ್ಲಿ ಮೊಬೈಲು ಹಿಡಿದು ಮಲಗುವುದು ಕಲಿತ. ಮೊದಮೊದಲು ದಿನಾ ಫೋನ್ ಮಾಡುತ್ತಿದ್ದವನು ವಾರಕ್ಕೊಂದು ಸಲಕ್ಕೆ ಬಂದ. ಎರಡನೇ ವರ್ಷ ಐದು ವಿಷಯ ಬಾಕಿ ಉಳಿಸಿಕೊಂಡು ಮನೆಗೆ ಬಂದಾಗ ನನ್ನ ಮುಖ ನೋಡಲಿಲ್ಲ.

ಈಗ ಸುಧಾರಿಸಿಕೊಂಡಿದ್ದಾನೆ, ಓದು ಮುಗಿಸುತ್ತಿದ್ದಾನೆ. ತಪ್ಪು ಅವನೊಬ್ಬನದೇ ಅಲ್ಲ ಅಂತ ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು. ಎಲ್ಲ ಹೊರವಲಯದ ಕಾಲೇಜುಗಳೂ ಹೀಗೇ ಅಂತ ನಾನು ಹೇಳುವುದಿಲ್ಲ. ನೀವು ನೋಡಲು ಹೋದರೆ ಬೆಳಿಗ್ಗೆ ಹೋಗಬೇಡಿ.


ಅರೇಹಳ್ಳಿ ತೋಟ
(ಮಂಗಳವಾರ ರಾತ್ರಿ)

ಅಮ್ಮ, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ಮಗ ಚೇತರಿಸಿಕೊಂಡಿದ್ದು ಕೇಳಿ ಸಮಾಧಾನ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಆ ಎರಡನೆಯದೇ ಮೊದಲಿತ್ತು. ಕಂಪ್ಯೂಟರ್ ಸೈನ್ಸ್, ಬೆಂಗಳೂರು, ಬೇಲಿ ಹಾಕಿದ ಕ್ಯಾಂಪಸ್ಸು, ಮೂರೂ ಒಂದೇ ಕಡೆ ಸಿಕ್ಕಿತಲ್ಲ ಅಂದುಕೊಂಡಿದ್ದೆ.


ಹೋಬಳಿ ಕಾಲೇಜಿನ ಮೇಷ್ಟ್ರು
(ಬುಧವಾರ ಬೆಳಗಿನ ಜಾವ)

ಚಿಕ್ಕಮಗಳೂರು ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅದಕ್ಕೆ ಮೊದಲು ಮೈಸೂರಿನಲ್ಲಿದ್ದೆ. ಎಂಜಿನಿಯರಿಂಗ್ ನನ್ನ ಕ್ಷೇತ್ರವಲ್ಲ, ಆದರೆ ಹಳ್ಳಿಯ ಕಾಲೇಜು ಎಂದರೇನು ಎಂಬುದನ್ನು ಒಳಗಿನಿಂದ ಬಲ್ಲೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನನ್ನ ಅಂತಿಮ ವರ್ಷದ ತರಗತಿಯಲ್ಲಿ 31 ಮಕ್ಕಳಿದ್ದಾರೆ. ಪ್ರತಿಯೊಬ್ಬರ ಹೆಸರು, ಮನೆ, ಅಪ್ಪನ ಕೆಲಸ ನನಗೆ ಗೊತ್ತು. ಎರಡು ದಿನ ಬರದಿದ್ದರೆ ಫೋನ್ ಮಾಡುತ್ತೇನೆ. ಮೈಸೂರಿನಲ್ಲಿ 90 ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನವರ ಮುಖವೇ ನೆನಪಿರುತ್ತಿರಲಿಲ್ಲ. ಬಾಯಿ ಬಿಡಲು ಹೆದರುವ ಮಗು ಸಣ್ಣ ತರಗತಿಯಲ್ಲಿ ಒಂದು ವರ್ಷದೊಳಗೆ ಮಾತಾಡಲು ಕಲಿಯುತ್ತದೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ, ಪ್ರತಿ ಸಲವೂ ಸಂತೋಷಪಟ್ಟಿದ್ದೇನೆ.

ಕಷ್ಟಗಳೂ ಇವೆ. ಅತಿಥಿ ಉಪನ್ಯಾಸಕರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಮಗು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು. ಜುಲೈನಲ್ಲಿ ಮಳೆ ಹಿಡಿದರೆ ಜಿಲ್ಲಾಧಿಕಾರಿಗಳು ತಾಲ್ಲೂಕಿಗೆ ರಜೆ ಕೊಡಲೇಬೇಕಾಗುತ್ತದೆ, ಮರ ಬಿದ್ದು ಕರೆಂಟು ಹೋದರೆ ಟವರೂ ಹೋಗುತ್ತದೆ. ಕಾಫಿ ಕುಯ್ಲು ಶುರುವಾದರೆ ಅರ್ಧ ತರಗತಿ ತೋಟದಲ್ಲಿರುತ್ತದೆ. ಇವನ್ನೆಲ್ಲ ಹೇಗೋ ನಿಭಾಯಿಸಬಹುದು. ನಿಭಾಯಿಸಲಾಗದ್ದು ಒಂದಿದೆ. ಅದು 3.40ರ ಬಸ್ಸು.

ನಮ್ಮ ಕಾಲೇಜಿನ ಮುಕ್ಕಾಲುಪಾಲು ಮಕ್ಕಳು ಆ ಬಸ್ಸಿಗೇ ಹೋಗಬೇಕು, ಅದು ಬಿಟ್ಟರೆ ರಾತ್ರಿಯೇ. ಕೊನೆಯ ತರಗತಿಯ ಕೊನೆಯ ಹತ್ತು ನಿಮಿಷ ಎಲ್ಲರ ಕೈ ಬ್ಯಾಗಿನ ಮೇಲಿರುತ್ತದೆ. ನಾಟಕ ಮಾಡಿಸಬೇಕು ಎಂದು ಮೂರು ಸಲ ಪ್ರಯತ್ನಪಟ್ಟೆ, ಪಾತ್ರಧಾರಿಗಳೆಲ್ಲ ಕಾಲೇಜಿನ ಪಕ್ಕದ ಹಾಸ್ಟೆಲಿನವರೇ ಆದರು. ಪ್ರಶ್ನೆ ಕೇಳಲು ತರಗತಿ ಮುಗಿದ ಮೇಲೆ ನಿಲ್ಲುವವರೂ ಅವರೇ, ಲೈಬ್ರರಿಯಲ್ಲಿ ಪಠ್ಯದಾಚೆಯ ಪುಸ್ತಕ ತೆಗೆಯುವವರೂ ಅವರೇ. ಬಸ್ಸಿನ ಮಕ್ಕಳು ದಡ್ಡರಲ್ಲ. ಅವರಿಗೆ ಸಂಜೆ ಇಲ್ಲ, ಅಷ್ಟೆ.

ಮೇಲೆ ಮೂಡಿಗೆರೆಯ ವಿದ್ಯಾರ್ಥಿನಿ ಹೇಳಿದ್ದೂ ಸಕಲೇಶಪುರದ ತಾಯಿ ಹೇಳಿದ್ದೂ ಇದನ್ನೇ. ಬೆಂಗಳೂರಿನ ಪಿಜಿಯಲ್ಲಿದ್ದಾಗ ಅವಳ ಸಂಜೆಯನ್ನು ಟ್ರಾಫಿಕ್ಕು ತಿಂದಿತು. ಹೊರವಲಯದಲ್ಲಿ ಆ ಹುಡುಗನಿಗೆ ಸಂಜೆ ಬೇಕಾದಷ್ಟಿತ್ತು, ಅದರಲ್ಲಿ ಜನರೇ ಇರಲಿಲ್ಲ. ನನ್ನ ಮಕ್ಕಳ ಸಂಜೆಯನ್ನು 3.40ರ ಬಸ್ಸು ಒಯ್ಯುತ್ತದೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಎಲ್ಲ ಕಾಲೇಜೂ ಸುಮಾರಾಗಿ ಒಂದೇ ಥರ. ನಾಲ್ಕರಿಂದ ಹತ್ತರವರೆಗೆ ನಿಮ್ಮ ಮಗಳು ಎಲ್ಲಿರುತ್ತಾಳೆ, ಯಾರ ಜೊತೆ ಇರುತ್ತಾಳೆ, ಏನು ಮಾಡಲು ಸಾಧ್ಯ ಎಂದು ನಾಲ್ಕೂ ಕಡೆಗೆ ಬರೆದು ನೋಡಿ. ಸಾಧ್ಯವಾದರೆ ಕೆಲಸದ ದಿನ ಸಂಜೆ ನಾಲ್ಕೂವರೆಗೆ ಹೋಗಿ ಗೇಟಿನ ಮುಂದೆ ನಿಲ್ಲಿ, ಮಗಳನ್ನೂ ಕರೆದುಕೊಂಡು ಹೋಗಿ.

ಖರ್ಚಿನ ಬಗ್ಗೆ ಒಂದು ಮಾತು. ನಿಮಗೆ ಅನ್ವಯಿಸುವುದಾದರೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕಿ. ಅಲ್ಲಿ ಜಾಗ ಸಿಗದವರಿಗೆ ವಿದ್ಯಾಸಿರಿ ಇದೆ, ಊಟ–ವಸತಿಗೆ ತಿಂಗಳಿಗಿಷ್ಟು ಎಂದು ಸಹಾಯಧನ. ಬೆಂಗಳೂರಿನಲ್ಲಿ ಆ ದುಡ್ಡು ಒಂದು ವಾರಕ್ಕೆ ಸಾಲದು, ಹಾಸನದಲ್ಲಿ ಒಂದು ಆಸರೆ.


ಹಾಸನ ಡಿಪೋ
(ಬುಧವಾರ ರಾತ್ರಿ)

ಮೇಷ್ಟ್ರೇ, ನಿಮ್ಮ 3.40ರ ಬಸ್ಸಿನಂಥ ಬಸ್ಸಲ್ಲೇ ನಾನು ಕಂಡಕ್ಟರು. ಬೇರೆ ರೂಟು, ಅಷ್ಟೇ. ನೀವು ಹೇಳಿದ್ದು ಸತ್ಯ. ಮಕ್ಕಳು ಓಡಿ ಬರೋದು ನೋಡಿದರೆ ಎರಡು ನಿಮಿಷ ತಡೆದು ಬಿಡೋಣ ಅನ್ನಿಸುತ್ತೆ, ಮುಂದಿನ ಸ್ಟಾಪಲ್ಲಿ ಇನ್ನೊಂದಷ್ಟು ಮಕ್ಕಳು ಕಾಯ್ತಿರ್ತಾರೆ.

ಅರೇಹಳ್ಳಿ ಅಣ್ಣಾವ್ರೇ, ಮನೆಯಿಂದಲೇ ಓಡಾಡಿಸೋ ಯೋಚನೆ ಇದ್ದರೆ ಬಿಡಿ. ಸ್ಟೂಡೆಂಟ್ ಪಾಸು 60 ಕಿಲೋಮೀಟರ್ ತನಕ ಕೊಡ್ತಾರೆ, ನಿಮ್ಮ ಮಗಳಿಗೆ ಅದೂ ಬೇಡ, 2023ರ ಜೂನ್ 11ರಿಂದ ಹೆಂಗಸರಿಗೆ ಶಕ್ತಿ ಯೋಜನೆ ಇದೆ, ಟಿಕೆಟ್ ಫ್ರೀ. ದುಡ್ಡಿನ ಪ್ರಶ್ನೆ ಅಲ್ಲ. ಬೆಳಿಗ್ಗೆ ಆ ಮಗು ಎಷ್ಟೊತ್ತಿಗೆ ಏಳಬೇಕು? ಬೇಲೂರಲ್ಲಿ ಬಸ್ಸು ಬದಲಾಯಿಸಬೇಕು, ಹಾಸನಕ್ಕೆ ಬರಬೇಕು, ಮೊಸಳೆಹೊಸಹಳ್ಳಿ ಆದರೆ ಅಲ್ಲಿಂದ ಇನ್ನೊಂದು ಬಸ್ಸು. ಸಂಜೆ ವಾಪಸ್ ಬರೋ ಹೊತ್ತಿಗೆ ಕತ್ತಲೆ. ಬಿಕ್ಕೋಡು, ಅರೇಹಳ್ಳಿ ಕಡೆ ಕತ್ತಲಾದ ಮೇಲೆ ಆನೆ ರಸ್ತೆಗೆ ಬರೋದು ನಿಮಗೆ ನಾನು ಹೇಳಬೇಕಾ. ನಮ್ಮ ಬಸ್ಸೇ ಎಷ್ಟೋ ದಿನ ಲೈಟ್ ಆರಿಸಿ ನಿಂತಿದೆ. ಬಸ್ಸಲ್ಲಿದ್ದೋರಿಗೇ ಎದೆ ನಡುಗುತ್ತೆ, ಇಳಿದು ತೋಟದ ದಾರಿಯಲ್ಲಿ ನಡೆಯೋ ಮಗುಗೆ?

ಹಾಸನದಲ್ಲಿ ಇಟ್ಟು ಮೊಸಳೆಹೊಸಹಳ್ಳಿಗೆ ಕಳಿಸೋದಾದರೆ ಆಗುತ್ತೆ. ಹೊಳೆನರಸೀಪುರ ರಸ್ತೆ, ಬಸ್ಸಿಗೆ ಬರ ಇಲ್ಲ. ಎಕ್ಸ್‌ಪ್ರೆಸ್ ನಿಲ್ಲುತ್ತಾ ಅಂತ ಮಾತ್ರ ವಿಚಾರಿಸಿಕೊಳ್ಳಿ.


ಕಾರೆಕೆರೆ ಬಿ.ಎಸ್ಸಿ.
(ಗುರುವಾರ ಬೆಳಿಗ್ಗೆ)

ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಎಂಜಿನಿಯರಿಂಗೇ ಯಾಕೆ? ನಾನು ಹಾಸನದ ಕಾರೆಕೆರೆ ಕೃಷಿ ಕಾಲೇಜಿನಲ್ಲಿದ್ದೇನೆ. ನಮ್ಮದು ಹಳ್ಳಿ ಕ್ಯಾಂಪಸ್ಸೇ, ಆದರೆ ಇಲ್ಲಿ ಹಳ್ಳಿಯೇ ಲ್ಯಾಬು. ಕೊನೆಯ ವರ್ಷ ಒಂದು ಹಳ್ಳಿಯಲ್ಲಿ ರೈತರ ಜೊತೆಗಿದ್ದು ಕೆಲಸ ಮಾಡುವುದು ಓದಿನದೇ ಭಾಗ. ಕಾಫಿ ನಾಡಿನವರಿಗೆ ಮೂಡಿಗೆರೆಯ ತೋಟಗಾರಿಕೆ ಕಾಲೇಜೂ ಇದೆ, ಅದು ಶಿವಮೊಗ್ಗ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ನಮ್ಮ ಗುಡ್ಡದಲ್ಲೇ ಇದೆ, ಪೇಟೆಯಲ್ಲಿ ಇಡಲು ಆಗುತ್ತಿತ್ತಾ? ಓದುವ ವಿಷಯ ಎಲ್ಲಿದೆಯೋ ಅಲ್ಲಿ ಕಾಲೇಜಿದ್ದರೆ ಅದು ಹಳ್ಳಿಯಾದರೂ ಮೂಲೆ ಅನ್ನಿಸುವುದಿಲ್ಲ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆದಿರಬೇಕು. ನಿಮ್ಮ ಮಗಳು ಬರೆದಿದ್ದಾಳಾ?


ಅರೇಹಳ್ಳಿ ತೋಟ
(ಗುರುವಾರ ಮಧ್ಯಾಹ್ನ)

ಬರೆದಿಲ್ಲ ಕಣಪ್ಪ. ಅವಳಿಗೆ ತಂತಿ, ಬೋರ್ಡು ಅಂದರೇ ಇಷ್ಟ. ಪಂಪಿನ ಸ್ಟಾರ್ಟರ್ ಕೆಟ್ಟರೆ ಅವಳೇ ಬಿಚ್ಚುವುದು.


ಸಾಲಗಾಮೆ ರಸ್ತೆ 2009
(ಗುರುವಾರ ರಾತ್ರಿ)

ಮೇಷ್ಟ್ರು ಹೇಳಿದ ಸಂಜೆಯ ಮಾತು ಒಪ್ಪಿದೆ ಸರ್. ಮೂಡಿಗೆರೆ ತಂಗಿ ಹೇಳಿದ ಇಂಗ್ಲಿಷಿನ ಬಗ್ಗೆ ಮಾತ್ರ ನನ್ನ ಅನುಭವ ಬೇರೆ. ನಾನು ಹಾಸನದಲ್ಲಿ ನಾಲ್ಕು ವರ್ಷ ಕನ್ನಡದಲ್ಲೇ ಎಲ್ಲ ಮಾತಾಡಿದೆ, ಗೆಳೆಯರೂ ನಮ್ಮವರೇ. ಅದರಿಂದ ವಿಷಯ ಗಟ್ಟಿಯಾಯಿತು. ಕನ್ನಡದಲ್ಲಿ ಜಗಳ ಆಡಿ ಕಲಿತ ಗಣಿತ ಇವತ್ತಿಗೂ ಮರೆತಿಲ್ಲ. ಇಂಗ್ಲಿಷು ಕೆಲಸಕ್ಕೆ ಸೇರಿದ ಆರು ತಿಂಗಳಲ್ಲಿ ಬಂತು.


ಮೂಡಿಗೆರೆ ಹುಡುಗಿ
(ಗುರುವಾರ ರಾತ್ರಿ)

ಅಣ್ಣ, ನೀವು ಹುಡುಗರು, ನಿಮ್ಮ ಕಾಲವೂ ಬೇರೆ. ನಮ್ಮ ತರಗತಿಯಿಂದ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋದಾಗ ಹಾಸನ, ಚಿಕ್ಕಮಗಳೂರು, ದಾವಣಗೆರೆಯಿಂದ ಬಂದ ಹುಡುಗಿಯರೂ ಇದ್ದರು. ನನಗಿಂತ ಚೆನ್ನಾಗಿ ಕೋಡ್ ಬರೆದವಳು ಮಾತಿನ ಸುತ್ತಿನಲ್ಲಿ ಬಿದ್ದುಹೋದಳು. ಆರು ತಿಂಗಳಲ್ಲಿ ಬರುತ್ತದೆ ಅನ್ನುವುದು ಒಳಗೆ ಹೋದವರಿಗೆ. ಒಳಗೆ ಹೋಗುವ ಬಾಗಿಲಲ್ಲೇ ಅದನ್ನು ಕೇಳುತ್ತಾರೆ. ಹಾಸನದಲ್ಲಿ ಓದಿದರೆ ಇದಕ್ಕೆ ಅಂತ ತಾನೇ ಪ್ರಯತ್ನ ಮಾಡಬೇಕಾಗುತ್ತದೆ, ಊರು ಮಾಡಿಸುವುದಿಲ್ಲ.


ಸಾಲಗಾಮೆ ರಸ್ತೆ 2009
(ಗುರುವಾರ ರಾತ್ರಿ)

ನೀನು ಹೇಳಿದ್ದು ಸರಿ ತಂಗಿ. ಆ ಬಾಗಿಲಲ್ಲಿ ಈಗ ನಿಂತಿರುವವರಲ್ಲಿ ನಾನೂ ಒಬ್ಬ, ಇದನ್ನು ಯೋಚಿಸಬೇಕಾಗಿತ್ತು.


ಅರೇಹಳ್ಳಿ ತೋಟ
(ಶುಕ್ರವಾರ ರಾತ್ರಿ)

ಇದು ಅಪ್ಪ ಅಲ್ಲ, ಮಗಳು. ಅಪ್ಪನ ಫೋನಿನಿಂದ ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಸೋಮವಾರದಿಂದ ರಾತ್ರಿ ಊಟ ಆದ ಮೇಲೆ ಅಪ್ಪ ಒಬ್ಬೊಬ್ಬರು ಬರೆದದ್ದನ್ನೂ ಅಮ್ಮನಿಗೆ, ಅಜ್ಜಿಗೆ ಓದಿ ಹೇಳುತ್ತಿದ್ದಾರೆ. ನಾನು ಒಲೆ ಹತ್ತಿರ ಕೂತು ಕೇಳುತ್ತಿದ್ದೆ. ನನ್ನ ವಿಷಯಕ್ಕೆ ಇಷ್ಟು ಜನ ಯೋಚನೆ ಮಾಡಿದ್ದಕ್ಕೆ ಎಲ್ಲರಿಗೂ ನಮಸ್ಕಾರ.

ನನಗೆ ಎಲೆಕ್ಟ್ರಾನಿಕ್ಸ್ ಬೇಕು. ನಮ್ಮ ಕಡೆ ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಹಾಕಿದ್ದಾರೆ. ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜು ಬರುತ್ತದೆ, ರಸ್ತೆ ಬದಿ ಬೋರ್ಡಿನಲ್ಲಿ ದೀಪ ಬರುತ್ತದೆ. ಕಾಲರ್ ಇಲ್ಲದ ಒಂಟಿಸಲಗ ಬಂದರೆ ಯಾವ ಮೆಸೇಜೂ ಬರುವುದಿಲ್ಲ. ತೋಟದ ಬೇಲಿ ದಾಟುವಾಗಲೇ ಗೊತ್ತಾಗುವ ಹಾಗೆ ಏನಾದರೂ ಮಾಡಲು ಆಗುತ್ತದಾ ಅಂತ ಹತ್ತನೇ ಕ್ಲಾಸಿನಿಂದ ಯೋಚಿಸುತ್ತಿದ್ದೇನೆ. ಅದನ್ನು ಮಾಡಿ ನೋಡುವುದಕ್ಕೆ ಭಾನುವಾರ ಮನೆಗೆ ಬರುವಷ್ಟು ಹತ್ತಿರ ಇರಬೇಕು. ಬೆಂಗಳೂರಿನಲ್ಲಿ ಕೂತು ಆನೆ ಬೇಲಿ ಮಾಡಲು ನನಗೆ ಬರುವುದಿಲ್ಲ.

ಆದರೂ ಬೆಂಗಳೂರು ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಯಾಕೆ ಅಂತ ಮೇಷ್ಟ್ರು ಸಂಜೆಯ ಮಾತು ಬರೆದ ಮೇಲೆ ನನಗೇ ತಿಳಿಯಿತು. ಪಿಯುಸಿ ಎರಡು ವರ್ಷ ಚಿಕ್ಕಮ್ಮ ನನ್ನನ್ನು ಸ್ವಂತ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡರು. ಬಿಸಿ ಊಟ ಬಿಟ್ಟು ಬೇರೆ ಊಟ ಹಾಕಲಿಲ್ಲ. ಆದರೆ ಐದೂವರೆಗೆ ಮನೆಯಲ್ಲಿರಬೇಕಿತ್ತು. ಹತ್ತು ನಿಮಿಷ ತಡವಾದರೆ ಚಿಕ್ಕಪ್ಪ ಗೇಟಿನ ಹತ್ತಿರ ನಿಂತಿರುತ್ತಿದ್ದರು. ನನ್ನ ಗೆಳತಿಯರು ಹಾಸ್ಟೆಲಿನಲ್ಲಿ ಒಟ್ಟಿಗೆ ಕೂತು ಲೆಕ್ಕ ಬಿಡಿಸುತ್ತಿದ್ದರು, ನಾನು ಟಿವಿ ಹಾಕಿದ ಹಾಲಿನಲ್ಲಿ ಒಬ್ಬಳೇ ಬಿಡಿಸುತ್ತಿದ್ದೆ. ಅವರನ್ನು ದೂರುತ್ತಿಲ್ಲ, ಬೇರೆಯವರ ಮಗಳನ್ನು ಇಟ್ಟುಕೊಂಡವರಿಗೆ ಭಯ ಇರುತ್ತದೆ. ನನಗೆ ಬೇಕಾಗಿದ್ದು ಬೆಂಗಳೂರಲ್ಲ, ಹಾಸ್ಟೆಲು. ಇದನ್ನು ಅಪ್ಪನಿಗೆ ಬಾಯಿಬಿಟ್ಟು ಹೇಳಲು ಆಗಿರಲಿಲ್ಲ, ಇಲ್ಲಿ ಬರೆದೆ. ಅಪ್ಪ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ.


ಹೋಬಳಿ ಕಾಲೇಜಿನ ಮೇಷ್ಟ್ರು
(ಶುಕ್ರವಾರ ರಾತ್ರಿ)

ಮಗಳೇ, ನಾಳೆ ಶನಿವಾರ. ಬೆಂಗಳೂರಿಗೆ ಹೋಗಲು ಆಗದಿದ್ದರೂ ಹಾಸನಕ್ಕೂ ಮೊಸಳೆಹೊಸಹಳ್ಳಿಗೂ ಅಪ್ಪನ ಜೊತೆ ಹೋಗಿ ಬಾ. ಹಾಸ್ಟೆಲಿನ ಹುಡುಗಿಯರನ್ನು ಮಾತಾಡಿಸು. ಲ್ಯಾಬು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹುಡುಗಿಯರ ಹಾಸ್ಟೆಲಿಗೆ ಎಷ್ಟು ಗಂಟೆಗೆ ಬೀಗ, ಎರಡನ್ನೂ ಕೇಳು. ಲ್ಯಾಬು ಎಂಟರವರೆಗಿದ್ದು ಹಾಸ್ಟೆಲಿಗೆ ಆರಕ್ಕೇ ಬೀಗ ಬಿದ್ದರೆ ಲ್ಯಾಬು ನಿನಗಲ್ಲ.


ಮೂಡಿಗೆರೆ ಹುಡುಗಿ
(ಶುಕ್ರವಾರ ರಾತ್ರಿ)

ಆಪ್ಷನ್ ಎಂಟ್ರಿ ಬಗ್ಗೆ ಒಂದು ಮಾತು, ನಾನು ಇದರಲ್ಲಿ ಒದ್ದಾಡಿದ್ದೇನೆ. ಪಟ್ಟಿಯಲ್ಲಿ ಮೇಲಿರುವುದು ಸಿಕ್ಕಿಬಿಟ್ಟರೆ ಅದರ ಕೆಳಗಿನದ್ದೆಲ್ಲ ಕೈಬಿಟ್ಟು ಹೋಗುತ್ತದೆ. ಹೋದ ವರ್ಷದ ಕಟಾಫ್ ನೋಡಿ ಹೆದರಿ ಆರ್ಡರ್ ಹಾಕಬೇಡ, ನಿನಗೆ ಯಾವುದು ಮೊದಲು ಬೇಕೋ ಅದನ್ನೇ ಮೊದಲು ಹಾಕು. ಬೇಡವೇ ಬೇಡ ಅನ್ನುವುದನ್ನು ಹಾಕಲೇಬೇಡ. ಸೀಟು ಬಂದ ಮೇಲೆ ಒಪ್ಪಿಗೆ ಇದ್ದರೆ ಚಾಯ್ಸ್ 1. ಇದು ಇರಲಿ, ಮೇಲಿನದ್ದು ಸಿಕ್ಕರೆ ಬದಲಾಯಿಸುತ್ತೇನೆ ಅನ್ನುವುದಾದರೆ ಚಾಯ್ಸ್ 2. ನಿನ್ನ ಬೇಲಿ ಆದ ದಿನ ನಮ್ಮ ತೋಟಕ್ಕೂ ಒಂದು ಬೇಕು.


ಅರೇಹಳ್ಳಿ ತೋಟ
(ಭಾನುವಾರ ಬೆಳಿಗ್ಗೆ)

ನಿನ್ನೆ ಹೋಗಿ ಬಂದೆವು. ಮೇಷ್ಟ್ರು ಹೇಳಿದ ಹಾಗೆ ಮಧ್ಯಾಹ್ನ ಊಟ ಮಾಡಿಕೊಂಡೇ ಹೊರಟೆವು.

ಮೊದಲು ಮೊಸಳೆಹೊಸಹಳ್ಳಿ. ಗಾಳಿ ಬೆಳಕು ಚೆನ್ನಾಗಿದೆ, ಕಣ್ಣಿಗೆ ತಂಪು. ಹಾಸನದ ಬಸ್ಸಿಗೆ ಕಾಯುತ್ತಿದ್ದ ಮಕ್ಕಳನ್ನು ಮಗಳೇ ಹೋಗಿ ಮಾತಾಡಿಸಿದಳು. ಹಾಸನದಲ್ಲಿದ್ದು ಓಡಾಡುವವರು ಬಹಳ ಜನ. ಕಷ್ಟ ಇಲ್ಲ ಅಂಕಲ್, ಅಭ್ಯಾಸ ಆಗುತ್ತೆ ಅಂತ ಒಬ್ಬ ಹುಡುಗಿ ನನಗೂ ಧೈರ್ಯ ಹೇಳಿದಳು. ಅಲ್ಲಿಂದ ಹಾಸನಕ್ಕೆ ಬಂದಾಗ ನಾಲ್ಕೂಮುಕ್ಕಾಲು. ಸಾಲಗಾಮೆ ರಸ್ತೆಯಲ್ಲಿ ಕಾಲೇಜಿನ ಎದುರು ನಿಂತೆವು. ನಾನು ರಸ್ತೆಯಲ್ಲೇ ಉಳಿದೆ, ಅವಳು ಒಳಗೆ ಹೋದಳು. ಒಂದು ಗಂಟೆ ಬರಲಿಲ್ಲ. ಎರಡು ವರ್ಷದಲ್ಲಿ ಅವಳ ಚಿಕ್ಕಪ್ಪ ಗೇಟಿನ ಹತ್ತಿರ ಹೇಗೆ ಕಾದಿದ್ದನೋ ಹಾಗೇ ನಾನೂ ಕಾದೆ. ಅವನ ಕಷ್ಟವೂ ಅರ್ಥವಾಯಿತು, ಅವಳದ್ದೂ ಅರ್ಥವಾಯಿತು. ಹೊರಗೆ ಬಂದವಳ ಮುಖ ನೋಡಿಯೇ ನಾನು ಏನೂ ಕೇಳಲಿಲ್ಲ.

ರಾತ್ರಿ ಕೂತು ಪಟ್ಟಿ ಮಾಡಿದೆವು. ಮೊದಲು ಹಾಸನದ ಎಲೆಕ್ಟ್ರಾನಿಕ್ಸ್. ಎರಡನೆಯದು ಬೆಂಗಳೂರಿನ ನಡುವಿನ ಕಾಲೇಜಿನ ಎಲೆಕ್ಟ್ರಿಕಲ್, ಅದು ಬಂದರೆ ಕಾಲೇಜು ಹಾಸ್ಟೆಲಿಗೆ ಪ್ರಯತ್ನ ಮಾಡಿ ನೋಡಿಯೇ ಮುಂದಿನ ಮಾತು. ಮೂರನೆಯದು ಮೊಸಳೆಹೊಸಹಳ್ಳಿ, ಹಾಸನದಲ್ಲಿದ್ದುಕೊಂಡು. ಬೆಂಗಳೂರಿನ ಹೊರಗಿನದ್ದನ್ನು ಹಾಕಲಿಲ್ಲ. ಕಂಪ್ಯೂಟರ್ ಸೈನ್ಸ್ ಬಿಟ್ಟದ್ದು ನನಗೆ ಇನ್ನೂ ಸ್ವಲ್ಪ ನೋವಿದೆ, ಅದನ್ನು ಅವಳಿಗೂ ಹೇಳಿದ್ದೇನೆ.

ಯಾವುದು ಬಂದರೂ ಹಾಸ್ಟೆಲಿಗೇ ಸೇರಿಸುವುದು ಅಂತ ಒಪ್ಪಿದ್ದೇನೆ. ಇದನ್ನು ಅವಳ ಚಿಕ್ಕಮ್ಮ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳುವುದು ಸರಿಯಲ್ಲ. ಎರಡು ವರ್ಷ ಅನ್ನ ಹಾಕಿದ ಮನೆ. ಈಗ ಹನ್ನೊಂದರ ಬಸ್ಸಿಗೆ ನಾನೂ ಮನೆಯವಳೂ ಹೊರಟಿದ್ದೇವೆ, ಮೆಣಸು ಒಂದು ಕೆ.ಜಿ., ಮನೆಯ ಜೇನು ಎರಡು ಬಾಟಲಿ ಕಟ್ಟಿಟ್ಟಿದ್ದಾಳೆ. ಹೇಗೆ ಶುರು ಮಾಡಬೇಕು ಅಂತ ದಾರಿಯಲ್ಲಿ ಇಬ್ಬರೂ ಯೋಚಿಸುತ್ತೇವೆ.